ಎ ಗ್ರೇಡ್ ಕೋಲು

ಏಳೂ ಕೋಲುಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟು, ಇವನ್ನ ಕತ್ತರಿಸಿದ ಪುಣ್ಯಾತ್ಮ ಯಾರು ಅಂತ ಕೇಳಿದೆ. ಹೆತ್ತೂರು ಕಡೆಯ ಸಾಹುಕಾರ್ರು ಮುಖ ಗಂಟು ಹಾಕಿಕೊಂಡು, ನಮ್ಮ ಎಸ್ಟೇಟ್ ಬಡಗಿ, ಯಾಕೆ ಅಂದರು. ಅವರ ಹಿಂದೆ ಹದಿನೈದು ವರ್ಷದ ಮಗಳು ಎರಡೂ ಅಂಗೈಗಳನ್ನು ಮುಚ್ಚಿಕೊಂಡು ನಿಂತಿದ್ದಳು. ತೋರಿಸಿ ಪುಟ್ಟಮ್ಮ ಅಂದೆ. ಬೆರಳಿನ ಬುಡದಲ್ಲೆಲ್ಲ ಬೊಕ್ಕೆ ಎದ್ದು ಒಡೆದು ಕೆಂಪಗಾಗಿತ್ತು.

ಸಕಲೇಶಪುರದ ಹತ್ತಿರದ ಆ ಪ್ಲಾಂಟರ್ಸ್ ಕ್ಲಬ್ಬಿನಲ್ಲಿ ಒಂಬತ್ತು ಗುಂಡಿಯ ಗಾಲ್ಫ್ ಮೈದಾನ ಇತ್ತು. ಕ್ಲಬ್ ಅಂದರೆ ನಮಗೆ ಆ ಕಟ್ಟಡ. ಚೆಂಡು ಹೊಡೆಯುವುದಕ್ಕೂ ಇಂಗ್ಲಿಷಿನಲ್ಲಿ ಕ್ಲಬ್ ಅಂತಾರಂತೆ, ನಾವು ಅದಕ್ಕೆ ಕೋಲು ಅಂತಲೇ ಅನ್ನುತ್ತಿದ್ದೆವು. ನಾನು ಬಾಳ್ಳುಪೇಟೆಯಿಂದ ಬಸ್ಸಲ್ಲಿ ಬಂದು, ಕಟ್ಟಡದ ಹಿಂದಿನ ತಗಡಿನ ಶೆಡ್ಡಿನಲ್ಲಿ ಆ ಕೋಲುಗಳ ರಿಪೇರಿ ಮಾಡುತ್ತಿದ್ದೆ. ಅದಕ್ಕೆ ಮೊದಲು ಎಸ್ಟೇಟುಗಳಲ್ಲಿ ಪಲ್ಪರ್, ಅಂದರೆ ಕಾಫಿ ಹಣ್ಣು ಸುಲಿಯುವ ಮಿಷನ್ ರಿಪೇರಿ ಮಾಡಿಕೊಂಡಿದ್ದೆ. ಈ ಕಥೆಗೆ ಅಷ್ಟು ಸಾಕು.

ಸಾಹುಕಾರ್ರು ಯಾರದೋ ಹಳೇ ಗಂಡಸರ ಸೆಟ್ ತಂದು, ಮಗಳ ಎತ್ತರಕ್ಕೆ ಸರಿಹೋಗಲಿ ಅಂತ ಮೂರು ಮೂರು ಇಂಚು ಕತ್ತರಿಸಿಬಿಟ್ಟಿದ್ದರು. ಕೋಲಿನ ನಡುವಿನ ದಂಡ ಐತಲ್ಲ, ಶಾಫ್ಟು, ಅದು ಹೊಡೆತಕ್ಕೆ ಒಂದಿಷ್ಟು ಬಾಗಬೇಕು, ಬಾಗಿ ವಾಪಸ್ ಬರಬೇಕು. ಕತ್ತರಿಸಿ ಗಿಡ್ಡ ಮಾಡಿದಷ್ಟೂ ಅದು ಸೆಟೆದುಕೊಳ್ಳುತ್ತದೆ. ಉಕ್ಕಿನ ಶಾಫ್ಟು ಬೇರೆ, ತೂಕ ಬೇರೆ. ಹುಡುಗಿ ನಾಲ್ಕು ತಿಂಗಳಿಂದ ಹಾರೆ ಹಿಡಿದು ಚೆಂಡು ಹೊಡೆಯುತ್ತಿದ್ದಳು ಅಂದರೂ ನಡೆಯುತ್ತೆ. ಚೆಂಡಿಗೆ ತಗಲೋ ತಲೆಗಳು ಚೆನ್ನಾಗಿವೆ, ಶಾಫ್ಟು ಮಾತ್ರ ಬದಲಾಯಿಸೋಣ ಅಂದೆ. ಸಾಹುಕಾರ್ರು ಒಪ್ಪಿದರು. ಜನವರಿಯಲ್ಲಿ ನಮ್ಮ ಮೈದಾನದಲ್ಲೇ ಮಕ್ಕಳ ಆಯ್ಕೆ ಪಂದ್ಯ ಇತ್ತು. ಮೊದಲ ನಾಲ್ಕರಲ್ಲಿ ಬಂದವರು ರಾಜ್ಯದ ಕ್ಯಾಂಪಿಗೆ ಹೋಗುತ್ತಾರೆ. ಅವರು ಮಗಳ ಎದುರಿಗೇ ನನಗೆ ಹೇಳಿದರು, ನಾಲ್ಕರಲ್ಲಿ ಬಂದರೆ ಆಟ, ಬರದಿದ್ದರೆ ಬ್ಯಾಗು ಅಟ್ಟಕ್ಕೆ, ಇವಳು ಮಂಗಳೂರಿನ ಹಾಸ್ಟೆಲಿಗೆ, ಮತ್ತೆ ಗಾಲ್ಫ್ ಅನ್ನೋ ಮಾತೇ ಮನೇಲಿ ಇಲ್ಲ. ಹುಡುಗಿ ನೆಲ ನೋಡುತ್ತಿದ್ದಳು. ಅವಳಿಗೆ ಆ ಆಟ ಬಿಟ್ಟರೆ ಬೇರೆ ಯಾವುದರ ಮೇಲೂ ಮನಸ್ಸಿರಲಿಲ್ಲ ಅನ್ನೋದು ಕ್ಲಬ್ಬಿಗೆಲ್ಲ ಗೊತ್ತಿತ್ತು. ನಾಯಿಗೆ ಬಿಸ್ಕತ್ತು ತೋರಿಸಿದ ಹಾಗೆ ಅವರು ಅದನ್ನು ತೋರಿಸುತ್ತಿದ್ದರು.

ಅಳತೆ ತೆಗೆದೆ. ಬರಿಗಾಲಲ್ಲಿ ನಿಲ್ಲಿಸಿ ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು, ಅಂಗೈ ಅಗಲ ಎಷ್ಟು, ಬೆರಳು ಎಷ್ಟುದ್ದ. ಆಮೇಲೆ ಕೋಲಿನ ಮುಖಕ್ಕೆ ಸೀಮೆಸುಣ್ಣ ಬಳಿದು ಇಪ್ಪತ್ತು ಚೆಂಡು ಹೊಡೆಸಿದೆ, ಚೆಂಡು ತಗುಲಿದ ಕಡೆ ಗುರುತು ಬೀಳುತ್ತದೆ. ಹುಡುಗಿ ನೋಡೋಕೆ ಕಡ್ಡಿ, ಆದರೆ ಕೈ ಬಲು ಚುರುಕು. ಮೇಲಿಂದ ಕೆಳಗೆ ಬರುವಾಗ ಕಣ್ಣಿಗೆ ಕಾಣದ ಹಾಗೆ ಬರುತ್ತಿತ್ತು. ಇಪ್ಪತ್ತರಲ್ಲಿ ಹದಿನಾರು ಗುರುತು ನಟ್ಟನಡುವೆ. ಅಷ್ಟು ಕೆಟ್ಟ ಕೋಲಿನಲ್ಲಿ ಅಂಥ ಗುರುತು ನಾನು ನಮ್ಮ ಕ್ಲಬ್ಬಿನ ದೊಡ್ಡ ದೊಡ್ಡ ಮನುಷ್ಯರಲ್ಲೂ ನೋಡಿರಲಿಲ್ಲ.

ಶಾಫ್ಟಿನ ಬಾಗು ನೋಡೋಕೆ ನನ್ನದೇ ಒಂದು ಏರ್ಪಾಡಿತ್ತು. ಗೋಡೆಗೆ ಒಂದು ಹಲಗೆ ಹೊಡೆದು ಅದರ ಮೇಲೆ ಇಂಚಿಂಚಿಗೆ ಗೆರೆ ಎಳೆದಿದ್ದೆ. ಶಾಫ್ಟಿನ ದಪ್ಪ ತುದಿಯನ್ನು ವೈಸಿನಲ್ಲಿ ಬಿಗಿದು, ಸಣ್ಣ ತುದಿಗೆ ಕಾಫಿ ತಕ್ಕಡಿಯ ಎರಡು ಕೆಜಿ ಬಟ್ಟು ನೇತುಹಾಕಬೇಕು. ಎಷ್ಟು ಇಂಚು ಇಳಿಯಿತು ನೋಡಬೇಕು. ಜಾಸ್ತಿ ಇಳಿದರೆ ಮೆತ್ತಗೆ, ಕಮ್ಮಿ ಇಳಿದರೆ ಗಟ್ಟಿ. ಕಂಪನಿಯವರು ಇದಕ್ಕೇ ಇಂಗ್ಲಿಷಿನಲ್ಲಿ ಅಕ್ಷರ ಹಾಕಿರುತ್ತಾರೆ. ಎಲ್ ಅಂದರೆ ಎಲ್ಲಕ್ಕಿಂತ ಮೆತ್ತಗೆ. ಅದರ ಮೇಲೆ ಎ, ಅದು ವಯಸ್ಸಾದವರಿಗೆ. ಅದರ ಮೇಲೆ ಆರ್, ಸಾಧಾರಣ ಶಕ್ತಿಯವರಿಗೆ. ಆಮೇಲೆ ಎಸ್, ಗಟ್ಟಿ. ನನ್ನ ಹಲಗೆಯ ಮೇಲೆ ಎ ನಾಲ್ಕೂವರೆ ಇಂಚು ಇಳಿಯುತ್ತಿತ್ತು, ಆರ್ ನಾಲ್ಕು. ಹುಡುಗಿಯ ಕೈವೇಗ ನೋಡಿದವನೇ ಇವಳಿಗೆ ಆರ್ ಅಂತ ತೀರ್ಮಾನಿಸಿದೆ.

ಆಗ ಕಾಫಿಗೆ ಒಳ್ಳೆ ರೇಟು ಇದ್ದ ಕಾಲ. ಮೆಂಬರೊಬ್ಬರ ತಮ್ಮ ಸಿಂಗಾಪುರದಿಂದ ಬರುವವರಿದ್ದರು, ಅವರ ಕೈಲಿ ಶಾಫ್ಟು ತರಿಸಿದೆವು. ಆಗಸ್ಟಿನಲ್ಲಿ ಪಾರ್ಸೆಲ್ ಬಂತು. ಎರಡು ಕಟ್ಟು, ಎರಡೂ ಒಂದೇ ಕಂಪನಿ, ಒಂದೇ ಕಪ್ಪು ಬಣ್ಣ, ಹಗುರ. ಹಿಡಿಯ ಕೆಳಗೆ ಬೆಳ್ಳಿ ಬಣ್ಣದ ಒಂದು ಕಾಗದದ ಪಟ್ಟಿ, ಅದರ ಮೇಲೆ ಅಕ್ಷರ. ಒಂದು ಕಟ್ಟು ಆರ್, ಹುಡುಗಿಗೆ. ಇನ್ನೊಂದು ಎ, ಎಪ್ಪತ್ತು ದಾಟಿದ ಹಿರಿಯ ಮೆಂಬರೊಬ್ಬರಿಗೆ ಅಂತ ತರಿಸಿದ್ದು. ಅದು ಬರೋ ಹೊತ್ತಿಗೆ ಮಂಡಿ ಹಿಡಿದುಕೊಂಡು ಅವರು ಆಟವನ್ನೇ ಬಿಟ್ಟಿದ್ದರು. ವ್ಯತ್ಯಾಸ ಅಷ್ಟೇ, ಒಂದು ಅಕ್ಷರ.

ಸಾಹುಕಾರ್ರು ಬಂದಾಗ ಶೆಡ್ಡಿನಲ್ಲಿ ಕ್ಲಬ್ ಸೆಕ್ರೆಟರಿ ಇದ್ದರು, ಬ್ಯಾಗು ಹೊರುವ ಇಬ್ಬರು ಕ್ಯಾಡಿಗಳಿದ್ದರು. ಎರಡೂ ಕಟ್ಟು ಬೆಂಚಿನ ಮೇಲಿತ್ತು. ನಾನು ಬಾಯಿ ತೆಗೆಯೋಕೆ ಮುಂಚೆ ಅವರು ಎ ಕಟ್ಟನ್ನು ಎತ್ತಿಕೊಂಡು, ಇದು ಅಂದರು. ಅಲ್ಲ ಸಾರ್, ಅದು ಬೇರೆಯವರಿಗೆ, ಪುಟ್ಟಮ್ಮಂಗೆ ಆರ್ ತರಿಸಿದೀನಿ ಅಂದೆ. ಅವರ ಮುಖ ಕೆಂಪಗಾಯಿತು.

"ಬೇರೆಯೋರಿಗೆ ಎ, ನನ್ ಮಗಳಿಗೆ ಆರ್? ಆರ್ ಅಂದ್ರೆ ಏನಯ್ಯ, ರೋಬಸ್ಟಾನಾ? ನಮ್ಮ ತೋಟದಲ್ಲಿ ಒಂದು ಗಿಡ ರೋಬಸ್ಟಾ ಇಲ್ಲ, ತಿಳ್ಕೋ."

ಸಾರ್, ಇದು ಕಾಫಿ ಗ್ರೇಡ್ ಅಲ್ಲ ಅಂತ ಶುರು ಮಾಡಿದೆ. ಕಾಫಿ ಬೀಜದಲ್ಲಿ ಎ ಅಂದರೆ ದಪ್ಪ ಬೀಜ, ಮೊದಲ ದರ್ಜೆ. ಆಮೇಲೆ ಬಿ, ಸಿ. ರೋಬಸ್ಟಾ ಅಂದರೆ ಕಮ್ಮಿ ರೇಟಿನ ಒರಟು ಜಾತಿ. ನಮ್ಮ ಸೀಮೆಯಲ್ಲಿ ಕೂಸು ಹುಟ್ಟುತ್ತಲೇ ಅದನ್ನು ಕಲಿತಿರುತ್ತದೆ. ಅವರು ಆಡುತ್ತಿದ್ದ ಉಕ್ಕಿನ ಸೆಟ್ಟಿನ ಮೇಲೆ ಸ್ಟಿಫ್ ಅಂತ ಪೂರ್ತಿ ಬರೆದಿತ್ತು, ಒಂಟಿ ಅಕ್ಷರ ನೋಡಿದವರಲ್ಲ, ಕಾಫಿಯ ಲೆಕ್ಕವನ್ನೇ ಶಾಫ್ಟಿಗೂ ಹಾಕಿದ್ದರು. ಇದರಲ್ಲಿ ನಗೋ ಅಂಥದ್ದು ಏನೂ ಇಲ್ಲ, ಎರಡು ನಿಮಿಷ ಕೇಳಿಸಿಕೊಂಡಿದ್ದರೆ ಮುಗಿದು ಹೋಗುತ್ತಿತ್ತು. ಅವರು ಕೇಳಿಸಿಕೊಳ್ಳಲಿಲ್ಲ.

"ನಂಗೆ ಗ್ರೇಡ್ ಹೇಳ್ಕೊಡ್ತೀಯ ನೀನು? ನನ್ ಪಲ್ಪರಿನ ಹೊಟ್ಟೇಲಿ ಕೈ ಹಾಕ್ಕೊಂಡ್ ಬಿದ್ದಿದ್ದೋನು."

ಕ್ಯಾಡಿಗಳು ಕಿಸಕ್ಕನೆ ನಕ್ಕರು. ಸೆಕ್ರೆಟರಿ ಕಿಟಕಿ ಕಡೆ ತಿರುಗಿಕೊಂಡರು. ನನಗೆ ಮೈ ಉರಿದುಹೋಯಿತು. ನಿನ್ನ ಮಗಳು, ನಿನ್ನ ದುಡ್ಡು, ನಿನ್ನ ಹಣೆಬರಹ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಬಾಯಲ್ಲಿ ಮಾತ್ರ ಬಹಳ ವಿನಯದಿಂದ, "ಆಯ್ತು ಸಾರ್, ಎ ಗ್ರೇಡೇ ಹಾಕ್ತೀನಿ" ಅಂದೆ. ಆ ಗ್ರೇಡು ಅನ್ನೋ ಮಾತನ್ನ ನಾನು ಬೇಕಂತಲೇ ಸೇರಿಸಿದೆ.

ಆವತ್ತು ಮಧ್ಯಾಹ್ನ ಬಾರಿನ ಹಿಂದಿನ ಅಡಿಗೆಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನು ಬಾರಿನವನಿಗೆ ಹೇಳಿದೆ. ಸಾಹುಕಾರ್ರ ಧ್ವನಿ ಮಾಡಿ, ಎದೆ ಉಬ್ಬಿಸಿ, ಉಪ್ಪು ಖಾರ ಹಚ್ಚಿ ಹೇಳಿದೆ. ಮುದುಕರ ಶಾಫ್ಟು ಮಗಳಿಗೆ, ಎ ಗ್ರೇಡ್ ಅಂತೆ, ರೋಬಸ್ಟಾ ಬೇಡವಂತೆ. ಅವನು ಅನ್ನ ನೆತ್ತಿಗೇರಿ ಕೆಮ್ಮೋ ಹಾಗೆ ನಕ್ಕ. ನನಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು. ಮಾರನೇ ದಿನ ಅವನೇ ಅಡಿಗೆಯವರನ್ನು ಕೂಡಿಸಿಕೊಂಡು, ಇನ್ನೊಂದ್ ಸಲ ಮಾಡಿ ತೋರ್ಸು ಮಾರಾಯ ಅಂದ. ತೋರಿಸಿದೆ. ಆಮೇಲೆ ಅದು ನನ್ನ ಖಾಯಂ ಆಟವಾಯಿತು.

ಇತ್ತ ಕೆಲಸವೂ ಸಲೀಸಾಗಿ ಆಗಲಿಲ್ಲ. ಕೋಲಿನ ತಲೆಯ ಕೊರಳಿಗೆ ಬೆಂಕಿ ತೋರಿಸಿ ಹಳೇ ಶಾಫ್ಟು ಎಳೆದು, ಒಳಗೆಲ್ಲ ಉಜ್ಜಿ, ಎರಡು ಟ್ಯೂಬಿನ ಅಂಟು ಕಲಸಿ ಹೊಸದನ್ನು ಕೂರಿಸಬೇಕು. ಅಂಟು ಒಣಗೋಕೆ ಒಂದು ದಿನ ಅಂತ ಬರೆದಿರುತ್ತದೆ. ಬರೆದವನು ಆಗಸ್ಟಿನಲ್ಲಿ ನಮ್ಮ ಕಡೆ ಬಂದವನಲ್ಲ. ಮಾರನಹಳ್ಳಿ ಕಡೆಯಿಂದ ಮಂಜು ಎದ್ದರೆ ಶೆಡ್ಡಿನ ಒಳಗೆ ಬೆಂಕಿಕಡ್ಡಿಯೂ ಹತ್ತುತ್ತಿರಲಿಲ್ಲ. ಮೂರು ದಿನ ಬಿಟ್ಟು ಕೊಟ್ಟೆ. ಹುಡುಗಿ ಮೊದಲ ಹೊಡೆತ ಹೊಡೆದಾಗ ಚೆಂಡಿಗಿಂತ ಮುಂದೆ ತಲೆಯೇ ಕಿತ್ತುಕೊಂಡು ಹೋಯಿತು. ಸಾಹುಕಾರ್ರು ಬೈದಿದ್ದು ಮಗಳನ್ನು. ನಾನು ಎಲ್ಲವನ್ನೂ ಕಳಚಿ ಮತ್ತೆ ಅಂಟು ಹಾಕಿ, ಕ್ಲಬ್ಬಿನ ಬಿಸಿನೀರಿನ ಹಂಡೆ ಒಲೆಯ ಹಿಂದಿನ ಗೋಡೆಗೆ ಒರಗಿಸಿ ಒಣಗಿಸಿದೆ. ಆ ಗೋಡೆ ಇಡೀ ದಿನ ಹದವಾಗಿ ಬೆಚ್ಚಗಿರುತ್ತಿತ್ತು. ಆಮೇಲೆ ಒಂದೂ ಅಲುಗಾಡಲಿಲ್ಲ.

ಕೋಲು ಗಟ್ಟಿಯಾಗಿ ನಿಂತಿತು, ಚೆಂಡು ಮಾತ್ರ ಎಡಕ್ಕೇ ಹೋಯಿತು. ಹೋಗಲೇಬೇಕು. ಕೈ ಚುರುಕಾದವರಿಗೆ ಶಾಫ್ಟು ಮೆತ್ತಗಾದರೆ ತಲೆ ಮುಂಚೆಯೇ ತಿರುಗಿಬಿಡುತ್ತದೆ, ಚೆಂಡು ಮೇಲೆದ್ದು ಎಡಕ್ಕೆ ಸೊಟ್ಟಗೆ ಹೋಗುತ್ತದೆ. ಸಾಹುಕಾರ್ರು ಛತ್ರಿ ಹಿಡಿದುಕೊಂಡು ನಿಂತು ಅವಳಿಂದ ದಿನಕ್ಕೆ ಮುನ್ನೂರು ಚೆಂಡು ಹೊಡೆಸಿದರು. ಹೊಡೆದ ಚೆಂಡನ್ನು ಅವಳೇ ಹೋಗಿ ಆರಿಸಿಕೊಂಡು ಬರಬೇಕು, ಕ್ಯಾಡಿಗಳು ಮುಟ್ಟೋ ಹಾಗಿಲ್ಲ. ಒದ್ದೆ ಹುಲ್ಲಿನಿಂದ ವಾಪಸು ಬಂದಾಗ ಕಾಲ್ಚೀಲದ ತುಂಬ ರಕ್ತ ಹೀರೋ ಇಂಬಳ ಹತ್ತಿರುತ್ತಿತ್ತು. ಕಿತ್ತು ಹಾಕೋಕೂ ಬಿಡದೆ, ಹೊಡಿ ಅನ್ನುತ್ತಿದ್ದರು. ಒಂದು ಸಲ ಅವಳು, ಅಪ್ಪ, ಕೋಲಲ್ಲೇ ಏನೋ ಐತೆ ಅಂದಳು. ಅದಕ್ಕೆ ಅವರು ಮೈದಾನದಲ್ಲಿದ್ದವರಿಗೆಲ್ಲ ಕೇಳಿಸೋ ಹಾಗೆ, "ಕುಣಿಯೋಕ್ ಬರ್ದೋಳು ನೆಲ ಡೊಂಕು ಅಂದ್ಲಂತೆ. ಎ ಗ್ರೇಡ್ ಕಣೇ ಅದು" ಅಂದರು.

ಅದನ್ನೂ ನಾನು ನನ್ನ ಆಟಕ್ಕೆ ಸೇರಿಸಿಕೊಂಡೆ. ಹೇಳೋಕೆ ನಾಚಿಕೆಯಾಗುತ್ತೆ, ಆದರೆ ಸೇರಿಸಿಕೊಂಡೆ. ಶೆಡ್ಡಿನ ಬಾಗಿಲಲ್ಲಿ ನಿಂತು ಅವಳ ಚೆಂಡು ಎಡಕ್ಕೆ ಹೋದ ಹಾಗೆಲ್ಲ ನನಗೆ ಒಳಗೊಳಗೇ ಒಂದು ಖುಷಿ. ಉರಿಯುತ್ತಿದ್ದದ್ದು ಅಪ್ಪನ ಮೇಲೆ, ಬೇಯುತ್ತಿದ್ದವಳು ಮಗಳು. ಅಷ್ಟು ತಿಳಿಯೋಕೆ ನನಗೆ ಎರಡು ತಿಂಗಳು ಬೇಕಾಯಿತು.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಅವಳು ಒಬ್ಬಳೇ ಶೆಡ್ಡಿಗೆ ಬಂದಳು. ಸಾಹುಕಾರ್ರಿಗೆ ಅವತ್ತು ಸಂಜೆಯವರೆಗೂ ಕಮಿಟಿ ಮೀಟಿಂಗಿತ್ತು. ಅಂಗೈ ತೋರಿಸಲಿಲ್ಲ, ಅಳಲಿಲ್ಲ. ಏಳನೇ ನಂಬರಿನ ಕೋಲು ನನ್ನ ಕೈಗೆ ಕೊಟ್ಟು ಕೇಳಿದಳು.

"ಅಣ್ಣ, ನಿಜ ಹೇಳಿ. ಇದು ನನ್ ಕೈದಾ, ಕೋಲಿಂದಾ?"

ಮೂಲೆಯಲ್ಲಿ ಆರ್ ಕಟ್ಟು ಹಾಗೇ ಇತ್ತು. ಅವತ್ತು ಅದರಲ್ಲಿ ಒಂದನ್ನು ಹಳೇ ತಲೆಯೊಂದಕ್ಕೆ ಆತುರದ ಅಂಟು ಹಾಕಿ ಕೂರಿಸಿ, ಒಲೆಯ ಗೋಡೆಗೆ ಇಟ್ಟು, ಸಂಜೆ ಹೊತ್ತಿಗೆ ಅವಳ ಕೈಗೆ ಕೊಟ್ಟೆ. ಹತ್ತು ಚೆಂಡು. ಎಂಟು ನೇರವಾಗಿ ಗುಂಡಿಯ ಬಾವುಟದ ಕಡೆಗೇ ಹೋದವು. ಅವಳು ಹನ್ನೊಂದನೆಯದನ್ನು ಹೊಡೆಯಲಿಲ್ಲ. ಕೋಲನ್ನು ತಿರುಗಿಸಿ ಪಟ್ಟಿ ಓದಿದಳು, ನನ್ನ ಮುಖ ನೋಡಿದಳು. ಆಗ ನಾನು ಅಕ್ಷರಗಳ ಅರ್ಥ ಹೇಳಿದೆ. ಅವಳಪ್ಪನಿಗೆ ಯಾಕೆ ಹೇಳಲಿಲ್ಲ ಅನ್ನೋದನ್ನೂ ಹೇಳಿದೆ. ಬಾರಿನ ಹಿಂದೆ ನಾನು ಆಡುತ್ತಿದ್ದ ಆಟದ ವಿಷಯ ಹೇಳಲಿಲ್ಲ.

ನಾನೇ ಬಂದು ಅಪ್ಪನಿಗೆ ತಿಳಿಸಿ ಹೇಳ್ತೀನಿ ಅಂದೆ. ಬೇಡ ಅಂದಳು. ತಪ್ಪು ತಮ್ಮದು ಅಂತ ಗೊತ್ತಾದ ದಿನವೇ ಅಪ್ಪ ಆಟ ನಿಲ್ಲಿಸ್ತಾರೆ, ಸೋಲೋದನ್ನ ಬೇಕಾದ್ರೆ ತಡ್ಕೊತಾರೆ, ಇದನ್ನ ತಡ್ಕೊಳಲ್ಲ ಅಂದಳು. ಹದಿನೈದು ವರ್ಷದವಳು ಅಪ್ಪನನ್ನು ನನಗಿಂತ ಚೆನ್ನಾಗಿ ಅಳೆದಿದ್ದಳು. ಆಗಲೇ ನಾನು ಆ ನಿರ್ಧಾರ ಮಾಡಿದ್ದು. ಏಳಕ್ಕೂ ಆರ್ ಶಾಫ್ಟು ಹಾಕೋದು, ಮೇಲೆ ಎ ಪಟ್ಟಿ ಅಂಟಿಸೋದು. ಯಾರಿಗೂ ಹೇಳಲ್ಲ ಅಂತ ಇಬ್ಬರೂ ಮಾತು ಕೊಟ್ಟುಕೊಂಡೆವು.

ಹಿಡಿ ಸಡಿಲವಾಗಿದೆ ಅಂತ ನೆಪ ಹೇಳಿ ಬ್ಯಾಗನ್ನು ಒಂದು ವಾರ ಇಟ್ಟುಕೊಂಡೆ. ಶಾಫ್ಟು ಬದಲಾಯಿಸೋದು ಕಷ್ಟವಾಗಲಿಲ್ಲ, ಪಟ್ಟಿ ಬದಲಾಯಿಸೋದು ಜೀವ ತಿಂತು. ಮೊದಲನೆಯದನ್ನು ಬ್ಲೇಡಿನಿಂದ ಎತ್ತೋಕೆ ಹೋಗಿ ಹರಿದುಹಾಕಿದೆ. ಎರಡನೆಯದನ್ನು ನೀರಲ್ಲಿ ನೆನೆಸಿದೆ, ಬೆಳ್ಳಿ ಬಣ್ಣ ಕಿತ್ತುಬಂತು. ಕೊನೆಗೆ ಹಂಡೆಯ ಹಬೆ ಹಿಡಿದು, ಅಂಚಿನಿಂದ ಉಗುರಲ್ಲಿ ಒಂದೊಂದೇ ಎಳೆ ಬಿಡಿಸಿದ ಹಾಗೆ ಬಿಡಿಸಿದೆ. ಹಾಗೆ ಐದು ಸಿಕ್ಕವು. ಕೆಟ್ಟುಹೋದ ಎರಡಕ್ಕೆ ಸಿಗರೇಟು ಪ್ಯಾಕಿನ ಒಳಗಿನ ಬೆಳ್ಳಿ ಕಾಗದ ಕತ್ತರಿಸಿ ನಾನೇ ಸಣ್ಣ ಬ್ರಷ್ಷಿನಲ್ಲಿ ಎ ಬರೆದೆ. ಒಂದೊಂದನ್ನೂ ಹಲಗೆಗೆ ಬಿಗಿದು ಬಟ್ಟು ನೇತುಹಾಕಿ ನೋಡಿದೆ. ಏಳಕ್ಕೆ ಏಳೂ ನಾಲ್ಕು ಇಂಚು. ನಾನು ಮಾಡಿದ ಕೆಲಸಗಳಲ್ಲೇ ಅಚ್ಚುಕಟ್ಟಾದದ್ದು ಅದು, ಹೊರಗೆ ಯಾರಿಗೂ ತೋರಿಸೋ ಹಾಗಿರಲಿಲ್ಲ ಅಷ್ಟೆ.

ನವೆಂಬರಿನಿಂದ ಅವಳ ಆಟವೇ ಬೇರೆಯಾಯಿತು. ಸಾಹುಕಾರ್ರು ಮೀಸೆ ತಿರುವಿಕೊಂಡು, ಮುನ್ನೂರು ಚೆಂಡಿನ ಮಹಿಮೆ ಅಂದರು. ಸಿಕ್ಕವರಿಗೆಲ್ಲ ಕೋಲು ತೋರಿಸಿ ಎ ಗ್ರೇಡ್ ಅಂದರು. ಅವರು ಹಾಗಂದಾಗ ಬಾರಿನವನು ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದ. ನಾನೂ ಹೊಡೆಯುತ್ತಿದ್ದೆ. ಅಡಿಗೆಮನೆಯಲ್ಲಿ ಕೇಳಿದವರಿಗೆ ಇನ್ನೂ ಮಾಡಿ ತೋರಿಸುತ್ತಿದ್ದೆ. ಒಳಗಿರೋದು ಆರ್ ಅಂತ ಹೇಳಲಿಲ್ಲ, ಕೊಟ್ಟ ಮಾತು ಉಳಿಸಿಕೊಂಡೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಕೋಲು ಸರಿಮಾಡಿದ್ದೆ, ಬಾಯಿ ಸರಿಮಾಡಿರಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಮ್ಮವ್ವ ದಿನಾ ಅನ್ನುತ್ತಿದ್ದಳು, ನಾನು ಕೇಳಿಸಿಕೊಂಡೇ ಬೆಳೆದವನು.

ಜನವರಿಯ ಪಂದ್ಯ ಎರಡು ದಿನದ್ದು. ಚಿಕ್ಕಮಗಳೂರು, ಕೊಡಗು, ಮೈಸೂರು ಕಡೆಯಿಂದ ಮಕ್ಕಳು ಬಂದಿದ್ದರು, ನಮ್ಮವಳೂ ಸೇರಿ ಹನ್ನೊಂದು ಜನ. ಮೊದಲ ದಿನ ಮುಗಿದಾಗ ಅವಳು ಎರಡನೆಯವಳು. ಈ ಆಟದಲ್ಲಿ ಕಮ್ಮಿ ಹೊಡೆತದವರೇ ಮುಂದೆ, ಅವಳದು ಐದನೆಯವರಿಗಿಂತ ಏಳು ಹೊಡೆತ ಕಮ್ಮಿ. ಮಾರನೇ ದಿನ ಸುಮಾರಾಗಿ ಆಡಿದರೂ ಸಾಕಿತ್ತು. ಅವಳು ನನ್ನ ಶೆಡ್ಡಿನ ಮುಂದೆ ಹಾದುಹೋಗುವಾಗ ಏಳನೇ ನಂಬರಿನ ಕೋಲನ್ನು ಬ್ಯಾಗಿನಿಂದ ಒಂದಿಷ್ಟು ಎತ್ತಿ ತೋರಿಸಿ ಮತ್ತೆ ಇಳಿಸಿದಳು. ನಾನು ನಕ್ಕೆ.

ಸಂಜೆ ನಾಲ್ಕೂವರೆಗೆ ಜಗುಲಿಯಲ್ಲಿ ಕಾಫಿ, ಬೋಂಡ. ಬೇರೆ ಊರಿನ ಅಪ್ಪಂದಿರೆಲ್ಲ ಕೂತಿದ್ದರು. ಬೋಂಡದ ತಟ್ಟೆ ಕೊಡೋ ನೆಪದಲ್ಲಿ ನಾನೂ ಅಲ್ಲೇ ಸುಳಿದಾಡುತ್ತಿದ್ದೆ. ಚಿಕ್ಕಮಗಳೂರು ಕಡೆಯವರೊಬ್ಬರು, ಅವರ ಮಗ ಐದನೆಯವನು, ಬಹಳ ಮುಗ್ಧವಾಗಿ ಕೇಳಿದರು, ಸಾಹುಕಾರ್ರೇ, ಮಗಳ ಶಾಫ್ಟು ಯಾವ ಗ್ರೇಡು? ಇವರು ಎ ಅಂದರು. ಒಂದು ಗಳಿಗೆ ಎಲ್ಲರೂ ಲೋಟದೊಳಗೆ ಮುಖ ಇಟ್ಟುಕೊಂಡರು. ಆಮೇಲೆ ಇನ್ನೊಬ್ಬರು, ರೋಬಸ್ಟಾ ಬೇಡ ಅಂದ್ರಂತೆ ಹೌದಾ ಅಂದರು. ಜಗುಲಿಯೆಲ್ಲ ಭೋರ್ಗರೆದು ನಕ್ಕಿತು. ಸಾಹುಕಾರ್ರು ಅರ್ಥವಾಗದೆ ತಾವೂ ನಕ್ಕರು. ಅದು ನೋಡೋಕೆ ಆಗದ ನಗು. ಕೊನೆಗೆ ಸೆಕ್ರೆಟರಿಗೇ ಪಾಪ ಅನ್ನಿಸಿ ಪಕ್ಕಕ್ಕೆ ಬಗ್ಗಿ, ಎ ಅಂದರೆ ವಯಸ್ಸಾದವರ ಶಾಫ್ಟು ಅಂತ ಮೆತ್ತಗೆ ಹೇಳಿದರು. ಸಾಹುಕಾರ್ರು ಲೋಟ ಕೆಳಗಿಟ್ಟರು. ಎದ್ದು, ಜಗುಲಿಯ ಮುಂದೆಯೇ ನಿಂತಿದ್ದ ತಮ್ಮ ಜೀಪಿನ ಕಡೆ ನಡೆದರು. ಜೀಪಿನಲ್ಲಿ ಕೂತಿದ್ದ ಮಗಳಿಗೆ ಎಲ್ಲಾ ಕೇಳಿಸಿತ್ತು.

ರೋಬಸ್ಟಾ ಬೇಡ ಅನ್ನೋ ಮಾತು ನಮ್ಮ ಶೆಡ್ಡಿನಲ್ಲಿ ಆಡಿದ್ದು. ಅದು ಚಿಕ್ಕಮಗಳೂರಿಗೆ ಹೇಗೆ ಹೋಯಿತು ಅಂತ ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಮಾರನೇ ಬೆಳಿಗ್ಗೆ ಏಳಕ್ಕೆ ಅವರು ಶೆಡ್ಡಿಗೆ ಬಂದರು. ಜೊತೆಗೆ ಸೆಕ್ರೆಟರಿ, ಹಿಂದೆ ಮಗಳು. ಮಗಳ ಕೆನ್ನೆಯ ಮೇಲೆ ಬೆರಳಿನ ಗುರುತಿತ್ತು. ಬ್ಯಾಗಿನಿಂದ ಏಳೂ ಕೋಲು ತೆಗೆದು ನನ್ನ ಬೆಂಚಿನ ಮೇಲೆ ಎಸೆದರು.

"ಎ ಅಂದ್ರೆ ಮುದುಕರದು ಅಂತ ನಿಂಗೆ ಗೊತ್ತಿತ್ತಾ?"

ಗೊತ್ತಿತ್ತು ಸಾರ್, ಹೇಳೋಕೆ ಬಂದೆ ಅಂದೆ. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು.

"ಇವನ್ನ ಮುರಿದು ಒಲೆಗೆ ಹಾಕು. ಇವತ್ತು ಇವಳು ನನ್ ಕೋಲಲ್ಲಿ ಆಡ್ತಾಳೆ. ಸ್ಟಿಫ್, ಉಕ್ಕು. ನಗೋರು ಎಲ್ಲರೂ ನೋಡ್ಲಿ."

ಅವರ ಸೆಟ್ಟು ನನಗೆ ಗೊತ್ತಿಲ್ಲದ್ದಲ್ಲ. ಆರಡಿ ಮನುಷ್ಯನದು, ಅವಳ ಕೋಲಿಗಿಂತ ಎರಡಿಂಚು ಉದ್ದ, ಶಾಫ್ಟಿನ ತೂಕ ಹೆಚ್ಚುಕಮ್ಮಿ ಎರಡರಷ್ಟು, ನನ್ನ ಹಲಗೆಯ ಮೇಲೆ ಮೂರಿಂಚೂ ಇಳಿಯುತ್ತಿರಲಿಲ್ಲ. ಅದನ್ನು ಹಿಡಿದು ಅವಳು ನಾಲ್ಕರಲ್ಲಿ ಬರೋದು ಆಗದ ಮಾತು. ಹಲಗೆ ನನ್ನ ಬೆನ್ನ ಹಿಂದೆಯೇ ಇತ್ತು, ಬಟ್ಟು ಮೊಳೆಗೆ ನೇತಾಡುತ್ತಿತ್ತು. ಸಾರ್, ಒಳಗಿರೋದು ಆರ್, ಪಟ್ಟಿ ಮಾತ್ರ ಎ, ಬನ್ನಿ ತೋರಿಸ್ತೀನಿ, ನಿನ್ನೆ ಆಡಿದ್ದೂ ಇದರಲ್ಲೇ. ಹೇಳಬೇಕಾಗಿದ್ದದ್ದು ಇಷ್ಟೇ ಮಾತು.

ಹುಡುಗಿ ಹಲಗೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವಳೇ ಹೇಳಬಹುದಿತ್ತು. ಮಾತು ಕೊಟ್ಟಿದ್ದಳಲ್ಲ, ನನ್ನ ಬಾಯಿಂದ ಬರಲಿ ಅಂತ ಕಾದಳು. ಸೆಕ್ರೆಟರಿ ಎದುರಿಗೇ ನಿಂತಿದ್ದರು. ಮೆಂಬರರ ಸಾಮಾನನ್ನು ಕದ್ದು ಬದಲಾಯಿಸಿ ಸುಳ್ಳು ಪಟ್ಟಿ ಅಂಟಿಸಿದವನನ್ನು ಯಾವ ಕ್ಲಬ್ಬೂ ಇಟ್ಟುಕೊಳ್ಳೋದಿಲ್ಲ. ಹೇಳಿದರೆ ಅವಳಿಗೆ ಇನ್ನೊಂದು ಏಟು ಬೀಳುತ್ತಿತ್ತು, ಅದಕ್ಕೇ ಸುಮ್ಮನಾದೆ ಅಂತ ಆಮೇಲೆ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕೆಲಸ ಹೋಗುತ್ತೆ ಅಂತ ಸುಮ್ಮನಾದೆ.

"ಆಯ್ತು ಸಾರ್" ಅಂದೆ.

ಅವರು ಹೋದರು. ನಾನು ಕೋಲುಗಳನ್ನು ನೋಡುತ್ತಾ ಕೂತೆ. ಎಂಟು ಗಂಟೆಗೆ ಮೊದಲ ಗುಂಡಿಯ ಹತ್ತಿರ ಅವಳ ಹೆಸರು ಕರೆಯೋದು ಕೇಳಿಸಿತು. ಆಗ ಅದೇನು ತಿಳಿಯಿತೋ, ಏಳನೇ ನಂಬರಿನ ಕೋಲು ಹಿಡಿದುಕೊಂಡು ಓಡಿದೆ. ನಾನು ಗುಡ್ಡ ಹತ್ತಿ ತಲುಪೋ ಹೊತ್ತಿಗೆ ಅವಳು ಹೊಡೆದಾಗಿತ್ತು. ಚೆಂಡು ನೆಲ ಸವರಿಕೊಂಡು ಬಲಕ್ಕೆ, ಕಾಫಿ ಗಿಡದೊಳಕ್ಕೆ ಹೋಗಿತ್ತು. ಪಂದ್ಯ ನಡೆಸುತ್ತಿದ್ದ ಅಧಿಕಾರಿಯನ್ನು ಪಕ್ಕಕ್ಕೆ ಕರೆದು, ಈಗ ಕೋಲು ಬದಲಾಯಿಸಬಹುದಾ ಅಂತ ಕೇಳಿದೆ. ಬ್ಯಾಗಿನಲ್ಲಿ ಹದಿನಾಲ್ಕು ಕೋಲು ಭರ್ತಿ ಇದ್ದ ಮೇಲೆ ಶುರು ಮಾಡಿದ ಕೋಲಲ್ಲೇ ಮುಗಿಸಬೇಕು, ಆಡುತ್ತಾ ತಾನಾಗಿ ಮುರಿದರೆ ಮಾತ್ರ ಬೇರೆ ಅಂದರು. ಉಕ್ಕಿನ ಕೋಲು, ಅದೆಲ್ಲಿ ಮುರಿಯುತ್ತೆ. ಐದು ನಿಮಿಷದ ಹಿಂದೆ ಕೇಳಿದ್ದರೆ ಅಡ್ಡಿ ಇರಲಿಲ್ಲ ಅಂತಲೂ ಸೇರಿಸಿದರು. ಒಳ್ಳೆ ಮನುಷ್ಯ, ನನಗೆ ನೋವಾಗಲಿ ಅಂತ ಹೇಳಿದ್ದಲ್ಲ.

ಅವಳ ಜೊತೆಯಲ್ಲೇ ಒಂಬತ್ತು ಗುಂಡಿಯನ್ನೂ ಎರಡು ಸುತ್ತು ನಡೆದೆ. ಹಿಡಿ ಕೆಳಗೆ ಹಿಡಿದು ನೋಡಿದಳು, ಮೆಲ್ಲಗೆ ಹೊಡೆದು ನೋಡಿದಳು, ಚೆಂಡನ್ನು ಹಿಂದಕ್ಕೆ ಇಟ್ಟು ನೋಡಿದಳು. ಗೊತ್ತಿದ್ದ ಉಪಾಯವನ್ನೆಲ್ಲ ಮಾಡಿದಳು. ಎಲ್ಲವೂ ಬಲಕ್ಕೆ, ಎಲ್ಲವೂ ಗಿಡ್ಡ. ಆರನೇ ಗುಂಡಿಯಲ್ಲಿ ಅಂಗೈಯ ಹಳೇ ಗಾಯ ಬಿಚ್ಚಿಕೊಂಡು ಹಿಡಿಯೆಲ್ಲ ರಕ್ತವಾಯಿತು, ಚಡ್ಡಿಗೆ ಒರೆಸಿಕೊಂಡು ಆಡಿದಳು. ಸಾಹುಕಾರ್ರು ಕೈಕಟ್ಟಿಕೊಂಡು ಸಾಗುವಳಿ ನೋಡೋ ಹಾಗೆ ಹಿಂದೆ ನಡೆಯುತ್ತಿದ್ದರು. ಈಗ ಯಾರೂ ನಗುತ್ತಿರಲಿಲ್ಲ, ಅವರಿಗೆ ಅಷ್ಟು ಸಾಕಾಗಿತ್ತು. ಕೊನೆಗೆ ಅವಳು ಎಂಟನೆಯವಳು. ನಾಲ್ಕನೇ ಜಾಗ ಚಿಕ್ಕಮಗಳೂರಿನ ಹುಡುಗನಿಗೆ ಹೋಯಿತು.

ಜೀಪಿಗೆ ಬ್ಯಾಗು ಹಾಕಿಸುವಾಗ ಸಾಹುಕಾರ್ರು ಡ್ರೈವರಿಗೆ, ಮನೆಗೆ ಹೋದ ಕೂಡಲೇ ಅವಳ ಸಾಮಾನೆಲ್ಲ ಅಟ್ಟಕ್ಕೆ ಹಾಕು ಅಂದರು. ಹುಡುಗಿ ನೀರು ಕುಡಿದು ಬರ್ತೀನಿ ಅಂತ ಹೇಳಿ ಶೆಡ್ಡಿಗೆ ಬಂದಳು. ಕರವಸ್ತ್ರ ಸುತ್ತಿದ ಕೈ. ನಾನು ಎದ್ದು ನಿಂತೆ. ಬೆಳಿಗ್ಗೆ ಹೇಳಬೇಕಿತ್ತು ಪುಟ್ಟಮ್ಮ ಅಂತ ಏನೋ ತೊದಲಿದೆ. ಅವಳು ಬೇರೆಯದನ್ನೇ ಕೇಳಿದಳು.

"ರೋಬಸ್ಟಾ ಮಾತು ಹೊರಗೆ ಯಾರು ಹೇಳಿದ್ದು ಅಣ್ಣ?"

ಗೊತ್ತಿಲ್ಲ ಅಂದೆ. ಆಗಲೂ ಗೊತ್ತಿಲ್ಲ ಅಂದೆ ನೋಡಿ.

"ಅಪ್ಪನ ಥರ ಮಾಡಿ ತೋರಿಸ್ತೀರಂತೆ, ಬಾರಿನೋರು ಹೇಳಿದ್ರು. ನಂಗೆ ದೀಪಾವಳಿ ಹೊತ್ಗೇ ಗೊತ್ತಿತ್ತು. ಕೋಲು ಮಾಡ್ಕೊಟ್ರಲ್ಲ ಅಂತ ಸುಮ್ನಿದ್ದೆ."

ಬೆಂಚಿನ ಮೇಲಿದ್ದ ಏಳನೇ ನಂಬರಿನ ಕೋಲನ್ನು ಅವಳು ಒಂದು ಸಲ ಮುಟ್ಟಿದಳು.

"ಕೈದೂ ಅಲ್ಲ, ಕೋಲಿಂದೂ ಅಲ್ಲ, ಅಲ್ವಾ ಅಣ್ಣ" ಅಂದಳು. ಹೊರಗೆ ಜೀಪಿನ ಹಾರ್ನ್ ಆಯಿತು. ಹೋದಳು.

ಆಮೇಲೆ ಅವಳನ್ನು ಆ ಮೈದಾನದಲ್ಲಿ ನಾನು ನೋಡಲಿಲ್ಲ. ನನ್ನ ಕೆಲಸ ಹೋಗಲಿಲ್ಲ, ಇನ್ನೂ ಹನ್ನೊಂದು ವರ್ಷ ಅದೇ ಶೆಡ್ಡಿನಲ್ಲಿ ಮಾಡಿದೆ. ಮುರಿದು ಒಲೆಗೆ ಹಾಕು ಅಂದಿದ್ದರಲ್ಲ, ಆ ಸಂಜೆ ಮುರಿಯೋಕೆ ಅಂತಲೇ ಏಳನೇ ನಂಬರನ್ನು ಕೈಗೆತ್ತಿಕೊಂಡೆ. ಯಾಕೋ, ಮುರಿಯೋಕೆ ಮುಂಚೆ ವೈಸಿಗೆ ಬಿಗಿದು ತುದಿಗೆ ಬಟ್ಟು ನೇತುಹಾಕಿದೆ. ಸರಿಯಾಗಿ ನಾಲ್ಕು ಇಂಚು ಇಳಿದು ನಿಂತಿತು. ಬಿಗಿಯೋದು, ನೇತುಹಾಕೋದು, ನೋಡೋದು ಎಲ್ಲಾ ಸೇರಿ ಎರಡು ನಿಮಿಷ ಕೂಡ ಹಿಡಿಯಲಿಲ್ಲ.